ಜೈನ ವೈದ್ಯಗ್ರಂಥಗಳಲ್ಲಿ ಹಿತಾಹಾರ ವಿಚಾರ

ಜೈನಾಚಾರ್ಯರ ಸಿದ್ಧಾಂತ, ಕಾವ್ಯ, ವ್ಯಾಕರಣ ಗ್ರಂಥಗಳು ಪಡೆದಷ್ಟು ಪರಾಮರ್ಶೆಯನ್ನು ಅವರ ವೈದ್ಯಗ್ರಂಥಗಳು ಪಡೆದಿಲ್ಲ. ದ್ವಾದಶಾಂಗದ ಪ್ರಾಣಾವಾಯ ಪೂರ್ವವೇ ವೈದ್ಯದ ಮೂಲವೆಂದು ಪರಂಪರೆಯ ನಂಬಿಕೆ. ಆ ಪರಂಪರೆಯ ಉಪಲಬ್ಧ ಕೃತಿಗಳಲ್ಲಿ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’ವು ಅಗ್ರಗಣ್ಯವಾದುದು.

ಶ್ರೀನಂದಿಯ ಶಿಷ್ಯನಾದ ಉಗ್ರಾದಿತ್ಯನು ರಾಮಗಿರಿಯಲ್ಲಿ ಈ ಗ್ರಂಥವನ್ನು ರಚಿಸಿದನು. 1940ರಲ್ಲಿ ಸೊಲ್ಲಾಪುರದಿಂದ ಇದು ಮುದ್ರಿತವಾಯಿತು. ಇದರಲ್ಲಿ 25 ಪರಿಚ್ಛೇದಗಳಿದ್ದು, ಕೊನೆಯಲ್ಲಿ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯಗಳೆಂಬ ಎರಡು ಪರಿಶಿಷ್ಟಗಳಿವೆ. ಎರಡನೆಯದು ಮಾಂಸಾಹಾರ ನಿರಾಕರಣದ ವ್ಯಾಖ್ಯಾನ. ವಿದ್ವಾಂಸರೂ ವೈದ್ಯರೂ ನೆರೆದಿದ್ದ ನೃಪತುಂಗವಲ್ಲಭನ ಆಸ್ಥಾನದಲ್ಲಿ ಇದನ್ನು ಮಂಡಿಸಿದುದಾಗಿ ಗ್ರಂಥವೇ ತಿಳಿಸುತ್ತದೆ. ಈ ನೃಪತುಂಗನು ರಾಷ್ಟ್ರಕೂಟ ಅಮೋಘವರ್ಷನೆಂದು (ಕ್ರಿ.ಶ. 814–878) ಸಾಮಾನ್ಯವಾಗಿ ಗ್ರಹಿಸಲಾಗಿದೆ.

ಹಿತಾಹಿತಾಧ್ಯಾಯವನ್ನು ಕೇವಲ ಮತಖಂಡನವೆಂದು ಬಗೆಯುವುದು ಉಚಿತವಲ್ಲ. ಚರಕಸಂಹಿತೆಯ ಅನ್ನಪಾನವಿಧಿಯಲ್ಲಿ ಆಹಾರದ್ರವ್ಯಗಳ 12 ವರ್ಗಗಳಿದ್ದು, ಮಾಂಸವೂ ಅವುಗಳಲ್ಲೊಂದು. ಬಲವರ್ಧನಕ್ಕೆ ಅದನ್ನು ವಿಧಿಸುವ ಶಾಸ್ತ್ರದ ಎದುರು ಅಹಿಂಸಾವ್ರತಿಯಾದ ವೈದ್ಯನಿಗೆ ಎರಡು ಹೊಣೆಗಳಿದ್ದವು: ಮಾಂಸವನ್ನು ನಿರಾಕರಿಸುವುದು ಒಂದು, ಅದಿಲ್ಲದೆಯೂ ದೇಹಪೋಷಣೆ ಸಾಧ್ಯವೆಂದು ತೋರಿಸುವುದು ಮತ್ತೊಂದು. ಮೊದಲನೆಯದನ್ನು ಪರಿಶಿಷ್ಟವು ನೆರವೇರಿಸಿದರೆ, ಎರಡನೆಯದಕ್ಕೆ ಧಾನ್ಯಾದಿಗಳ ಗುಣಾಗುಣವನ್ನು ವಿಚಾರಿಸುವ ನಾಲ್ಕನೆಯ ಪರಿಚ್ಛೇದವೂ ಅನ್ನಪಾನವಿಧಿಯನ್ನು ನಿರೂಪಿಸುವ ಐದನೆಯ ಪರಿಚ್ಛೇದವೂ ಆಧಾರ.

ಇಂದಿನ ಪೋಷಣಶಾಸ್ತ್ರವೂ ಈ ಮಾರ್ಗವನ್ನು ಸಮರ್ಥಿಸುತ್ತದೆ. ಅಕ್ಕಿ, ಗೋಧಿಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಗಳಲ್ಲಿ ಅದು ಸಮೃದ್ಧ. ಬೇಳೆಯಲ್ಲಿ ಕೊರತೆಯಾಗುವ ಮೆಥಿಯೊನಿನ್ ಧಾನ್ಯದಿಂದ ದೊರೆಯುತ್ತದೆ. ಸಸ್ಯಾಹಾರದಲ್ಲಿ ಅಲಭ್ಯವೆನ್ನಬಹುದಾದ ಬಿ-12 ಜೀವಸತ್ವವನ್ನು ಹಾಲು, ಮೊಸರುಗಳು ಒದಗಿಸುತ್ತವೆ. ಅನ್ನ, ತೊವ್ವೆ, ಪಲ್ಯ, ಮಜ್ಜಿಗೆಗಳ ಊಟವು ಹೀಗೆ ಪರಸ್ಪರಪೂರಕವಾಗಿದೆ.

ದ್ರವ್ಯದಷ್ಟೇ ಮಾತ್ರೆಯೂ ಮುಖ್ಯ. ಕುಕ್ಷಿಯ ಒಂದು ಭಾಗ ಘನಕ್ಕೆ, ಒಂದು ದ್ರವಕ್ಕೆ, ಉಳಿದೊಂದು ವಾತಾದಿ ದೋಷಗಳ ಸಂಚಾರಕ್ಕೆ ಎಂಬುದು ಚರಕನ ಮತ. ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯತಪಗಳಲ್ಲಿ ಅವಮೌದರ್ಯವು ಎರಡನೆಯದು. ಪುರುಷನಿಗೆ 32, ಸ್ತ್ರೀಗೆ 28 ಕವಳಗಳು ಪೂರ್ಣಾಹಾರವೆಂದೂ ಅದಕ್ಕಿಂತ ಕಡಿಮೆ ಉಣ್ಣುವುದೇ ಈ ತಪವೆಂದೂ ಆಚಾರಗ್ರಂಥಗಳ ನಿರ್ಣಯ. ಒಂದರ ಉದ್ದೇಶ ಆರೋಗ್ಯ, ಇನ್ನೊಂದರದು ನಿರ್ಜರೆ. ಆದರೂ ಹೊಟ್ಟೆ ಬಿರಿಯೆ ಉಣ್ಣಬಾರದೆಂಬಲ್ಲಿ ಎರಡಕ್ಕೂ ಸಹಮತವಿದೆ.

ಈ ಧಾರೆ ಕನ್ನಡದಲ್ಲಿಯೂ ಮುಂದುವರಿಯಿತು. ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಿಸಿದನು. ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ದಲ್ಲಿ ಸಸ್ಯಾಹಾರದ ಪಾಕವಿಧಾನಗಳನ್ನೇ ಪದ್ಯಕ್ಕಿಳಿಸಿದನು. ವೈದ್ಯನು ನಿರೂಪಿಸಿದ ಪಥ್ಯವು ಹೀಗೆ ಅಡುಗೆಮನೆಯಲ್ಲಿ ರುಚಿಯನ್ನೂ ಪಡೆಯಿತು.

ಆದ್ದರಿಂದ ಹಿತಾಹಿತಾಧ್ಯಾಯವನ್ನು ಬಿಡಿಯಾಗಿ ಓದದೆ, ನಾಲ್ಕು ಮತ್ತು ಐದನೆಯ ಪರಿಚ್ಛೇದಗಳೊಡನೆ ಕೂಡಿಸಿ ಓದುವುದು ಅವಶ್ಯಕ. ಆಗ ಮಾತ್ರ ಉಗ್ರಾದಿತ್ಯನ ವಾದ ಬರಿಯ ನಿಷೇಧವಾಗಿ ಉಳಿಯದೆ, ವಿಧಿಯೂ ನಿಷೇಧವೂ ಕೂಡಿದ ಆಹಾರಶಾಸ್ತ್ರವಾಗಿ ಗೋಚರಿಸುತ್ತದೆ.