ಮನೆಯ ಲೆಕ್ಕದಲ್ಲಿ ಎಷ್ಟು ಬಾಯಿ?

ಬಾಗಲಕೋಟೆ, ಹುನಗುಂದದ ಕಡೆ ಒಂದು ಮನೆತನದ ಅಳತೆ ತಿಳಿಯಬೇಕಾದರೆ ಹಿಂದೆ ಎಷ್ಟು ಎತ್ತಿನ ಕಮತ ಎಂದು ಕೇಳುತ್ತಿದ್ದರು. ಎರಡೆತ್ತಿನ ಕಮತ, ನಾಲ್ಕೆತ್ತಿನ ಕಮತ ಎಂದರೆ ಸಾಕು, ಆ ಮನೆಯ ದುಡಿಮೆ, ಖರ್ಚು, ಕಷ್ಟ ಎಲ್ಲವೂ ಕೇಳಿದವರಿಗೆ ತಿಳಿಯುತ್ತಿತ್ತು. ಎತ್ತು ಮನೆಯ ಆಸ್ತಿ. ಮನೆಯಲ್ಲಿ ಉಣ್ಣುವ ಬಾಯಿಯೂ ಹೌದು. ಅದರ ಜೊತೆಗೆ ಆಕಳು, ಆಡು, ಬಾಗಿಲ ನಾಯಿ, ಒಲೆಯ ಹತ್ತಿರದ ಬೆಕ್ಕು. ಪಡಿತರ ಚೀಟಿಯಲ್ಲಿ ಮಾತ್ರ ಇವುಗಳಿಗೆ ಜಾಗವಿಲ್ಲ.

ಕಂಪನಿಗಳ ನೌಕರರು ರಜೆಯ ದಿನ ಸೇರಿ, ಕೈ ಸಾಗದ ಕುಟುಂಬಗಳ ನಾಯಿ ಬೆಕ್ಕುಗಳಿಗೆ ಆಹಾರದ ಚೀಲ ಕಟ್ಟಿ ಹಂಚುವುದು ಪಶ್ಚಿಮದ ದೇಶಗಳಲ್ಲಿ ಈಗ ಸಾಮಾನ್ಯ. ಅಮೆರಿಕದಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಮೀಲ್ಸ್ ಆನ್ ವೀಲ್ಸ್ ಕಾರ್ಯಕರ್ತರು, ಒಂಟಿ ವೃದ್ಧರು ತಮಗೆ ಬಂದ ಊಟವನ್ನೇ ನಾಯಿಗೆ ಹಾಕಿ ತಾವು ಅರೆಹೊಟ್ಟೆ ಇರುವುದನ್ನು ಕಂಡು, ಊಟದ ಜೊತೆ ಪ್ರಾಣಿಯ ಆಹಾರವನ್ನೂ ಒಯ್ಯತೊಡಗಿದರು. ಈ ಸಂಗತಿ ಹೇಳಿದಾಗಲೆಲ್ಲ ನನಗೆ ನಮ್ಮ ಕಡೆ ಸಿಗುವ ಉತ್ತರ ಒಂದೇ: ಮನುಷ್ಯರಿಗೇ ಕೂಳಿಲ್ಲ, ಇನ್ನು ನಾಯಿಗೆಲ್ಲಿಯದು? ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಈ ನೆಲದ ಇತಿಹಾಸವನ್ನು ತಿರುವಿ ನೋಡಿದರೆ, ಮನುಷ್ಯನ ಕೂಳನ್ನೂ ಪ್ರಾಣಿಯ ಕೂಳನ್ನೂ ಬೇರೆ ಬೇರೆ ಲೆಕ್ಕ ಹಾಕಿದಾಗಲೆಲ್ಲ ಲೆಕ್ಕ ತಪ್ಪಿದ್ದು ಮನುಷ್ಯನದೇ.

ಬಾದಾಮಿಯಿಂದಲೇ ಶುರು ಮಾಡೋಣ. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ 578ರ ಶಾಸನವಿದೆ. ವಿಷ್ಣುವಿನ ಗುಹಾಲಯ ಕಡೆದು, ಒಂದು ಹಳ್ಳಿಯನ್ನು ದತ್ತಿ ಬಿಟ್ಟು, ಅದರ ಹುಟ್ಟುವಳಿಯಲ್ಲಿ ದಿನವೂ ಹದಿನಾರು ಬ್ರಾಹ್ಮಣರಿಗೆ, ಉಳಿದದ್ದರಲ್ಲಿ ಪರಿವ್ರಾಜಕರಿಗೆ ಅನ್ನ ಸಲ್ಲಬೇಕೆಂದು ಅದು ಹೇಳುತ್ತದೆ. ಯಾರು ಉಣ್ಣಬೇಕು ಎಂಬುದನ್ನು ಕಲ್ಲಿನಲ್ಲಿ ಬರೆಸುವ ಪದ್ಧತಿ ಇಲ್ಲಿ ಅಷ್ಟು ಹಳೆಯದು. ಪ್ರಾಣಿಗಳ ಹೆಸರು ಆ ಪಟ್ಟಿಯಲ್ಲಿಲ್ಲ, ನಿಜ. ಆದರೆ ಆ ಕಾಲದ ದಾನಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಬಲಿ, ಚರು, ವೈಶ್ವದೇವ ಎಂಬ ಮಾತುಗಳನ್ನು ಬಿಡಿಸಿ ನೋಡಿದರೆ ಅವೂ ಸಿಗುತ್ತವೆ: ಗೃಹಸ್ಥ ಉಣ್ಣುವ ಮೊದಲು ನಾಯಿಗೆ, ಕಾಗೆಗೆ, ಹುಳುಹುಪ್ಪಟೆಗೆ ನೆಲದ ಮೇಲೆ ಅನ್ನ ಇಡುವುದು ವೈಶ್ವದೇವದ ಭಾಗ. ಮೊದಲ ರೊಟ್ಟಿ ಆಕಳಿಗೆ, ಕಡೆಯ ರೊಟ್ಟಿ ನಾಯಿಗೆ ಎಂಬ ಮನೆಗಳ ರೂಢಿ ಮಂತ್ರವಿಲ್ಲದ ಅದೇ ಆಚರಣೆ.

ನಾಯಿಯ ಹೆಸರನ್ನೇ ಹಿಡಿದು ಬರೆಸಿದ ಕಲ್ಲೂ ಕನ್ನಡದಲ್ಲಿದೆ. ಬಾದಾಮಿಯ ಚಾಲುಕ್ಯರ ನಂತರ ಈ ನಾಡನ್ನು ಆಳಿದ ರಾಷ್ಟ್ರಕೂಟರ ಕಾಲದ್ದು ಅದು. ಸಿಕ್ಕಿದ್ದು ದೂರದ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ. 949ರ ಹೊತ್ತಿಗೆ ತಕ್ಕೋಲದ ಕಾಳಗದಲ್ಲಿ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನ ಭಟ ಮಣಲೇರ. ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಕಟ್ಟುಮಾಡಿದರು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬದುಕಿದ್ದಾಗ ಮನೆಯ ಊಟದ ಪಾಲುದಾರನಾಗಿದ್ದ ನಾಯಿ, ಸತ್ತ ಮೇಲೂ ಮನುಷ್ಯನ ಊಟಕ್ಕೆ ಷರತ್ತು ಹಾಕಿತು. ಮೈಲಾರಲಿಂಗನ ಗೊರವರು, ವಗ್ಗಯ್ಯರು ದೇವರ ನಾಯಿಗಳಾಗಿ ಬೊಗಳುತ್ತ ದೋಣಿಗೆ ಬಾಯಿಟ್ಟು ಪ್ರಸಾದ ತಿನ್ನುವುದನ್ನು ಕಂಡಾಗ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ.

ಇವೆಲ್ಲ ಸಮೃದ್ಧಿಯ ಕಾಲದ ಮಾತು. ನಿಜವಾದ ಪರೀಕ್ಷೆ ಬಂದದ್ದು ಬರದಲ್ಲಿ. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಆಗ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿದ್ದವು. 1877ರ ಆರಂಭದಲ್ಲಿ ಬರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆಗೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಗಂಡಿಗೆ ಇಷ್ಟು, ಹೆಣ್ಣಿಗೆ ಇಷ್ಟು, ಮಗುವಿಗೆ ಇಷ್ಟು ಎಂದು ಲೆಕ್ಕ ನಡೆಯಿತು. ಕೊಟ್ಟಿಗೆಯಲ್ಲಿ ನಿಂತ ಜೋಡಿ ಎತ್ತು ಯಾವ ಕಾಲಮ್ಮಿಗೂ ಸೇರಲಿಲ್ಲ.

ಪರಿಣಾಮವನ್ನು ಹೀಗೆ ನೋಡಬೇಕು. ಜಿಲ್ಲೆಗೆ ಆಗ ರೈಲಿರಲಿಲ್ಲ. ಕಾಳು ಬರಬೇಕಾದದ್ದು ಚಕ್ಕಡಿಯಲ್ಲಿ. ಚಕ್ಕಡಿಗೆ ಎತ್ತು ಬೇಕು, ಎತ್ತಿಗೆ ಕಣಕಿ ಬೇಕು. ಜೋಳ ಬೆಳೆಯದಿದ್ದಾಗ ತೆನೆಯೂ ಇಲ್ಲ, ಕಣಕಿಯೂ ಇಲ್ಲ. ಮನುಷ್ಯನ ಹಸಿವು, ಎತ್ತಿನ ಹಸಿವು ಒಂದೇ ಹೊಲದಿಂದ ಹುಟ್ಟಿದವು. ಮೇವಿಲ್ಲದ ದಾರಿಯಲ್ಲಿ ಎತ್ತು ಬೀಳುತ್ತಿದ್ದಂತೆ ಕಾಳಿನ ಸಾಗಣೆಯೂ ಕುಂಟಿತು. ಮನೆಯವರು ಎತ್ತನ್ನು ಸಿಕ್ಕ ಬೆಲೆಗೆ ಮಾರಿದರು, ಇಲ್ಲವೇ ಕಣ್ಣೆದುರೇ ಕಳೆದುಕೊಂಡರು. ಆಮೇಲೆ ಮಳೆ ಬಂದರೂ ಕುಂಟೆ, ಕೂರಿಗೆ ಎಳೆಯುವವರಿರಲಿಲ್ಲ. ಮಳೆ ಬಂದ ಮೇಲೂ ಬರ ಮುಗಿಯದಿರಲು ಇದೊಂದು ದೊಡ್ಡ ಕಾರಣ. 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗ ಕುಗ್ಗಿತು.

ಪಾಠವನ್ನು ಸರ್ಕಾರವೂ ತಡವಾಗಿ ಕಲಿಯಿತು. ರಿಚರ್ಡ್ ಸ್ಟ್ರಾಚಿ ಆಯೋಗದ 1880ರ ವರದಿ, ಅದರ ಹಿಂದೆ 1883ರ ಬರಸಂಹಿತೆ ಬಂದವು. ದನಕರುಗಳ ಮೇವಿಗೂ ಅಲ್ಲಿ ಜಾಗ ಸಿಕ್ಕಿತು. 1884ರಲ್ಲಿ ಗದಗ–ಹೋಟಗಿ ರೈಲುದಾರಿ ಬಾದಾಮಿ, ಬಾಗಲಕೋಟೆಯ ಮೂಲಕ ತೆರೆಯಿತು. ಇಂದಿನ ಗೋಶಾಲೆ, ಮೇವು ಬ್ಯಾಂಕುಗಳ ಬೇರು ಅಲ್ಲಿದೆ.

ಆದರೂ ಲೆಕ್ಕ ಪೂರ್ತಿಯಾಗಿಲ್ಲ. 2009ರ ನೆರೆಯಲ್ಲಿ ಮಲಪ್ರಭೆ, ಕೃಷ್ಣೆಯ ದಂಡೆಯ ಊರುಗಳು ಕೊಚ್ಚಿಹೋದಾಗ ಸರ್ಕಾರ 'ಆಸರೆ' ಯೋಜನೆ ತಂದಿತು. ಕಂಪನಿಗಳು, ಮಠಗಳು, ಸಂಘಸಂಸ್ಥೆಗಳು ಊರೂರಿಗೆ ಮನೆ ಕಟ್ಟಿಸಿಕೊಟ್ಟವು. ದೊಡ್ಡ ಕೆಲಸ ಅದು. ಆದರೆ ಆ ಸಾಲುಮನೆಗಳ ಮುಂದೆ ನಿಂತ ರೈತ ಮೊದಲು ಕೇಳಿದ್ದು, ಎತ್ತು ಎಲ್ಲಿ ಕಟ್ಟಲಿ ಎಂದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಪಟ್ಟದಕಲ್ಲು, ಐಹೊಳೆಯ ಗುಡಿಗಳಿಗೂ ನೀರು ಹೊಕ್ಕಾಗ, ದನಕರು ಬಿಟ್ಟು ಬರಲು ಒಲ್ಲೆನೆಂದವರ ಮಾತುಗಳನ್ನು ಓದಿದ ನೆನಪು ಹಲವರಿಗಿರಬಹುದು. ಅದನ್ನು ಹಟ ಎಂದವರಿದ್ದರು. ಮರುದಿನದ ಬದುಕನ್ನು ಬಿಟ್ಟು ಬಾ ಎಂದರೆ ಯಾರು ಬಂದಾರು? ಆಗ ಬೇರೆ ಜಿಲ್ಲೆಗಳ ರೈತರು ಕಳಿಸಿದ ಮೇವಿನ ಲಾರಿಗಳು ಆ ಮಾತಿಗೆ ಸರಿಯಾದ ಉತ್ತರ.

2020ರ ಲಾಕ್‌ಡೌನಿನಲ್ಲಿ ಇಳಕಲ್ಲಿನ ಮಗ್ಗಗಳು ನಿಂತವು. ಕೈಮಗ್ಗದ ನೇಕಾರರಿಗೆ 2,000 ರೂಪಾಯಿಯ ನೇಕಾರ ಸಮ್ಮಾನ್ ಘೋಷಣೆಯಾಯಿತು. ಗಂಜಿ ಹಾಕಿದ ನೂಲಿಗೆ ಇಲಿ ಬರುವುದನ್ನು ಬಲ್ಲ ನೇಕಾರನ ಮನೆಯಲ್ಲಿ ಬೆಕ್ಕು ಶೋಕಿಯ ಪ್ರಾಣಿಯಲ್ಲ. ಹಾಸು ಕಾಯುವ ಆಳು. ಅದರ ಹಾಲನ್ನು ಯಾವ ಘೋಷಣೆ ಲೆಕ್ಕ ಹಿಡಿದೀತು?

ವಿಪತ್ತು ಪರಿಹಾರದ 2022–26ರ ನಿಯಮಗಳಲ್ಲಿ ಸತ್ತ ಎಮ್ಮೆ, ಆಕಳಿಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ, ಆಡಿಗೆ 4,000, ಕೋಳಿಗೆ 100 ಎಂದು ದರ ಕಟ್ಟಿದ್ದಾರೆ. ನಾಯಿಯ ಹೆಸರಿಲ್ಲ. ಹುನಗುಂದ, ಬಾದಾಮಿಯ ಕುರುಬರ ಹಟ್ಟಿಯಲ್ಲಿ ತೋಳ ಬಾರದಂತೆ ರಾತ್ರಿಯಿಡೀ ಎಚ್ಚರವಿರುವುದು ಯಾರು ಎಂದು ನಿಯಮ ಬರೆದವರನ್ನು ಕೇಳಬೇಕು. ಇದೇ ಜಿಲ್ಲೆಯ ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನ ಕೇಂದ್ರವೂ ಇದೆ. ಮರಿ ಮಾರಿ ಬದುಕುವ ಬಡ ಕುಟುಂಬಗಳು ಆ ಸುತ್ತಲಿನ ಹಳ್ಳಿಗಳಲ್ಲಿವೆ. ಬರ ಬಿದ್ದ ವರ್ಷ ಆ ಮನೆಯ ನಾಯಿಯ ಹಿಟ್ಟು ಎಂದರೆ ಮನೆಯವರದೇ ಹಿಟ್ಟು.

ಕಂಪನಿಯ ನೌಕರರ ಕೆಲಸ ಇಲ್ಲಿ ಅರ್ಥ ಪಡೆಯುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ದೊಡ್ಡ ಕಂಪನಿಗಳು ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆನ್ನುತ್ತದೆ. ಅದರ ಏಳನೆಯ ಅನುಸೂಚಿಯಲ್ಲಿ ಪ್ರಾಣಿಗಳ ಕ್ಷೇಮವೂ ಸೇರಿದೆ. ಹಣದ ದಾರಿ ಇದೆ. ಆದರೆ ಹಣಕ್ಕೆ ಕಣ್ಣಿಲ್ಲ. ಮನೆಯ ಬಾಗಿಲಿಗೆ ಹೋಗಿ ಇಲ್ಲಿ ಉಣ್ಣುವವರು ಎಷ್ಟು ಎಂದು ಕೇಳಲು ಮನುಷ್ಯನೇ ಬೇಕು. ಈ ತಾಲ್ಲೂಕುಗಳಿಂದ ಬೆಂಗಳೂರು, ಪುಣೆಗೆ ಹೋಗಿ ಕಂಪನಿ ಸೇರಿದ ಎಷ್ಟೋ ಹುಡುಗ ಹುಡುಗಿಯರು ಕಣಕಿಯ ಬಣವೆಯ ನೆರಳಲ್ಲಿ ಆಡಿ ಬೆಳೆದವರು. ಪೇಟೆಯ ನಾಯಿತಿಂಡಿಯ ಚೀಲವನ್ನೇ ಅವರು ಇಲ್ಲಿಗೆ ತರಬೇಕಿಲ್ಲ. ಒಂದು ಮನೆಗೆ ಅದು ಕಣಕಿ, ಇನ್ನೊಂದಕ್ಕೆ ಹಿಂಡಿ, ಮತ್ತೊಂದಕ್ಕೆ ನಾಯಿಗೆಂದು ಎರಡು ಸೇರು ಜೋಳದ ಹಿಟ್ಟು.

ನೆರೆಯೋ ಬರವೋ ಮತ್ತೆ ಬರುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮುಂದಿನ ಸಲ ಪರಿಹಾರದ ಚೀಲ ಹೊತ್ತು ಬರುವವರು ಪಟ್ಟಿ ಬರೆಯುವಾಗ ಮನೆಯ ಯಜಮಾನ್ತಿಯನ್ನು ಒಂದು ಮಾತು ಕೇಳಲಿ: ಅವ್ವಾ, ನಿಮ್ಮ ಮನ್ಯಾಗ ಎಷ್ಟು ಬಾಯಿ? ಆಕೆ ಎಣಿಸುವಾಗ ನಡುವೆ ತಡೆಯದಿದ್ದರೆ ಸಾಕು.