ದುಂಡು ಕಿಟಕಿ

ಅಕ್ಕೋಳದಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಬಾವಿಯ ನೀರು. ಹೆಚ್ಚೆಂದರೆ ವೇದಗಂಗೆ, ದೂಧಗಂಗೆ. ತಂಬಾಕಿನ ಹೊಲಗಳ ನಡುವೆ ಇರುವ ನಮ್ಮ ಊರಿಗೆ ಸಮುದ್ರವೆಂಬುದು ಘಟ್ಟದಾಚೆಯ ಮಾತು. ಆದರೆ ನಮ್ಮ ಮನೆಯಲ್ಲಿ ಮಾತ್ರ ನಾನು ಕಣ್ಣು ಬಿಟ್ಟಾಗಿನಿಂದ ಹಡಗಿನ ಸುದ್ದಿ ಇತ್ತು. ಅದಕ್ಕೆ ಕಾರಣ ನಮ್ಮ ಅವ್ವ.

ನಮ್ಮ ದೊಡ್ಡವ್ವನನ್ನು ವೆಂಗುರ್ಲಾಕ್ಕೆ ಕೊಟ್ಟಿದ್ದರು. ನಿಪ್ಪಾಣಿಯಿಂದ ಆಜರಾ ಹಾದು, ಅಂಬೋಲಿ ಘಾಟ ಇಳಿದು, ಸಾವಂತವಾಡಿ ದಾಟಿದರೆ ಸಮುದ್ರದಂಡೆಯ ವೆಂಗುರ್ಲಾ. ಗಡಿಯ ಊರುಗಳಲ್ಲಿ ಇಂಥ ಬೀಗತನ ಹೊಸದಲ್ಲ. ಮನೆಯೊಳಗೆ ಕನ್ನಡ, ಅಂಗಳಕ್ಕಿಳಿದರೆ ಮರಾಠಿ. ಕೊಂಕಣದ ಸಾವಿರಾರು ಗಂಡಸರ ಹಾಗೆ ನಮ್ಮ ದೊಡ್ಡಪ್ಪನೂ ಮುಂಬಯಿಯ ಪರಳದಲ್ಲಿ ಗಿರಣಿಯ ಕೆಲಸಕ್ಕಿದ್ದ. 1966ರಲ್ಲಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ದೊಡ್ಡವ್ವ ಗಂಡನ ಕಡೆ ಹೊರಟಾಗ, ಕೂಸು ಹಿಡಿಯಲಿಕ್ಕೆಂದು ಹದಿನೇಳು ವರ್ಷದ ಅವ್ವನನ್ನು ಜೊತೆಗೆ ಕಳಿಸಿದರು. ಆಗ ಕೊಂಕಣಕ್ಕೆ ರೈಲು ಇರಲಿಲ್ಲ; ಅದು ಪೂರ್ತಿಯಾಗಿ ಬಂದದ್ದು 1998ರಲ್ಲಿ. ಮುಂಬಯಿಗೆ ಹೋಗುವವರು 'ಬೋಟ್' ಹತ್ತುತ್ತಿದ್ದರು. ಗೋವೆಯಿಂದ ಹೊರಟ ಉಗಿಹಡಗು ವೆಂಗುರ್ಲಾ, ಮಾಲವಣ, ದೇವಗಡ, ರತ್ನಾಗಿರಿ ಎಂದು ದಂಡೆಯುದ್ದಕ್ಕೂ ಜನರನ್ನು ತುಂಬಿಕೊಳ್ಳುತ್ತ ಮರುದಿನ ಮುಂಬಯಿ ಸೇರುತ್ತಿತ್ತು. ಮಳೆಗಾಲದಲ್ಲಿ ಬಂದ್. ಸಣ್ಣ ಬಂದರುಗಳಲ್ಲಿ ದೊಡ್ಡ ಹಡಗು ದಂಡೆಗೆ ಹತ್ತುತ್ತಿರಲಿಲ್ಲ. ದೋಣಿಯಲ್ಲಿ ಕುಳಿತು ನಡುನೀರಿಗೆ ಹೋಗಿ, ಅಲ್ಲಿ ಓಲಾಡುವ ದೋಣಿಯಿಂದ ಓಲಾಡುವ ಹಡಗಿಗೆ ಕಾಲಿಡಬೇಕು. ಒಂಬತ್ತು ಗಜದ ಸೀರೆ ಉಟ್ಟ ಹೆಂಗಸರು ಕೂಸು, ಟ್ರಂಕು, ಕೋಳಿಬುಟ್ಟಿಗಳೊಡನೆ ಇದನ್ನು ಮಾಡುತ್ತಿದ್ದರು ಎಂಬುದನ್ನು ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಅವ್ವನದು ಡೆಕ್ಕಿನ ಟಿಕೇಟು. ಡೆಕ್ಕೆಂದರೆ ಬಯಲು, ಹಾಸಿಗೆ ಬಿಚ್ಚಿದಲ್ಲಿ ನಿಮ್ಮ ಜಾಗ. ಗಾಳಿ, ಉಪ್ಪುನೀರಿನ ಸೀರ್ಪನಿ, ಎಂಜಿನ್ನಿನ ಎಣ್ಣೆವಾಸನೆ, ವಾಂತಿ. ಹೀಗೆ ಹೊಟ್ಟೆ ತೊಳಸುವುದಕ್ಕೆ ಕೊಂಕಣದವರು 'ಬೋಟ್ ಲಾಗಲಿ' ಎನ್ನುತ್ತಾರೆ. ಅವ್ವ ಈ ಕತೆ ಹೇಳುವಾಗ ಕಷ್ಟವನ್ನು ಬೇಗ ಮುಗಿಸಿ ಒಂದು ಕಡೆ ಬಂದು ನಿಲ್ಲುತ್ತಿದ್ದಳು. ಆ ಹಡಗಿನ ಮೇಲಿನ ದರ್ಜೆಯ ಕೋಣೆಗೆ ಒಂದು ದುಂಡು ಕಿಟಕಿ ಇತ್ತಂತೆ. ಅದಕ್ಕೆ ಮೂಗು ಹಚ್ಚಿ ಅವ್ವ ಒಳಗೆ ನೋಡಿದ್ದಳು. "ಬೆಳ್ಳನ ಪಲಂಗಪೋಸ, ಗ್ವಾಡಿಗೆ ಕನ್ನಡಿ, ಸಣ್ಣದೊಂದು ಫ್ಯಾನ. ಮದಲಗಿತ್ತಿ ಖೋಲಿ ಇದ್ದಂಗ ಇತ್ತವಾ." ಅಲ್ಲಿಗೆ ಕತೆ ಮುಗಿಯುತ್ತಿತ್ತು.

ಈ ಕತೆಯನ್ನು ನನ್ನ ಮಗಳೂ ಕೇಳಿ ಬೆಳೆದಳು. ಪುಣೆಯಲ್ಲಿ ನೌಕರಿ ಹಿಡಿದವಳು 2022ರ ಚಳಿಗಾಲದಲ್ಲಿ ಫೋನು ಮಾಡಿ, "ಆಯೀ, ನಿನಗ ಹಡಗದಾಗ ಸ್ವೀಟ್ ಬುಕ್ ಮಾಡೇನಿ" ಎಂದಳು. ಅವ್ವ ಗಾಬರಿಯಾಗಿ, "ಸ್ವೀಟ್ ಬ್ಯಾಡವಾ, ನನಗ ಸಕ್ಕರಿ ಬ್ಯಾನಿ ಐತಿ" ಎಂದಳು. ಮಲಗಲು ಬೇರೆ, ಕೂಡಲು ಬೇರೆ ಜಾಗ, ಹೊರಗೆ ಸ್ವಂತದ ಬಾಲ್ಕನಿ ಇರುವ ಹಡಗಿನ ಅತಿ ದುಬಾರಿ ಕೋಣೆಗೆ ಸ್ವೀಟ್ ಎನ್ನುತ್ತಾರೆಂದು ತಿಳಿಸಿ ಹೇಳುವ ಹೊತ್ತಿಗೆ ನಮಗೆ ಸಾಕುಸಾಕಾಯಿತು. ಅದರ ಬಾಡಿಗೆ ಎಷ್ಟೆಂದು ಅವ್ವನಿಗೆ ಇಂದಿಗೂ ಹೇಳಿಲ್ಲ. ನನಗೆ ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಮಕ್ಕಳಿಗೆ ವರ್ಷಗಟ್ಟಲೆ ಇತಿಹಾಸ ಕಲಿಸಿದವಳು ನಾನು.

ಮುಂಬಯಿಯಲ್ಲಿ ನಾವು ಹಡಗು ಹತ್ತಿದ್ದು ಬಲ್ಲಾರ್ಡ್ ಪಿಯರ್ ಕಡೆಯಿಂದ. ಅವ್ವ ಅಂದು ಇಳಿದದ್ದು ಭಾವುಚಾ ಧಕ್ಕಾದಲ್ಲಿ. ಎರಡೂ ಅದೇ ಊರಿನ ಅದೇ ದಂಡೆಯಲ್ಲಿದ್ದರೂ ಬೇರೆ ಬೇರೆ ಲೋಕಗಳು. ಧಕ್ಕಾ ಕೊಂಕಣದ ಬಡವರದು, ಮೀನುಗಾರರದು. ಬಲ್ಲಾರ್ಡ್ ಪಿಯರ್ ವಿಲಾಯತಿಯ ಹಡಗುಗಳದು. 1931ರ ಆಗಸ್ಟ್ 29ರಂದು ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಮುಂಬಯಿಯಿಂದ ಹೊರಟದ್ದು 'ರಾಜಪುತಾನಾ' ಹಡಗಿನಲ್ಲಿ, ಎರಡನೆಯ ದರ್ಜೆಯಲ್ಲಿ. ಅವರು ಹೆಚ್ಚಿನ ಹೊತ್ತು ಕಳೆದದ್ದು, ಮಲಗಿದ್ದು ಡೆಕ್ಕಿನ ಮೇಲೆಯೇ. ಜೊತೆಯವರು ತಂದ ಪೆಟ್ಟಿಗೆಗಳ ರಾಶಿ ನೋಡಿ ಸಿಟ್ಟಾಗಿ, ಹೆಚ್ಚಿನ ಸಾಮಾನನ್ನು ಏಡನ್ನಿನಿಂದಲೇ ಮರಳಿ ಕಳಿಸಿದರು. ಇದನ್ನು ಮಗಳಿಗೆ ಹೇಳಿದಾಗ ಅವಳು ನನ್ನ ಮೂರು ಚೀಲಗಳ ಕಡೆ ನೋಡಿ ನಕ್ಕಳು. ಅವುಗಳಲ್ಲೊಂದರ ತಳದಲ್ಲಿ ಅವ್ವ ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಗೋಕಾಕದ ಕರದಂಟು ಬಚ್ಚಿಟ್ಟಿದ್ದು ನನಗೆ ಗೊತ್ತಿತ್ತು.

ಗಾಂಧೀಜಿಗಿಂತ ಅರವತ್ತೊಂದು ವರ್ಷ ಮೊದಲು, 1870ರಲ್ಲಿ, ಮುಂಬಯಿಯಿಂದ ಹಡಗು ಹತ್ತಿದ ಒಬ್ಬ ಹುಡುಗ ನಮ್ಮ ನೆರೆಯವನೇ. ಕೊಲ್ಹಾಪುರದ ಅರಸ ರಾಜಾರಾಮ ಮಹಾರಾಜ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು ನಲವತ್ತು ಕಿಲೋಮೀಟರು. ನಮ್ಮವರು ಮದುವೆಯ ಸೀರೆಗೂ, ಅಂಬಾಬಾಯಿಯ ದರ್ಶನಕ್ಕೂ ಹೋಗುವ ಊರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ, ಮರಳಿ ಬಂದು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎನ್ನುವ ಕಾಲ. ಅಂಥದರಲ್ಲಿ ಇಪ್ಪತ್ತರ ಈ ಅರಸ ತನ್ನ ಆಳುಕಾಳುಗಳೊಡನೆ ವಿಲಾಯತಿಗೆ ಹೋದ, ರಾಣಿ ವಿಕ್ಟೋರಿಯಾಳನ್ನು ಕಂಡ, ದಿನಾಲೂ ಇಂಗ್ಲಿಷಿನಲ್ಲಿ ದಿನಚರಿ ಬರೆದ. ಮರಳುವ ದಾರಿಯಲ್ಲಿ, ನವೆಂಬರ್ 30ರಂದು, ಇಟಲಿಯ ಫ್ಲಾರೆನ್ಸಿನಲ್ಲಿ ತೀರಿಕೊಂಡ. ಅರ್ನೋ ನದಿಗೆ ಮುನ್ಯೋನೆ ಹೊಳೆ ಕೂಡುವಲ್ಲಿ, ಸಂಗಮವೆಂದು, ಅವನ ದಹನ ಮಾಡಿದರು. ಅಲ್ಲಿ ಇಂದಿಗೂ ಛತ್ರಿಯ ಕೆಳಗೆ ಬಣ್ಣ ಬಳಿದ ಅವನ ಪ್ರತಿಮೆ ಇದೆ. ಹತ್ತಿರದ ಸೇತುವೆಗೆ ಅಲ್ಲಿಯ ಜನ 'ಭಾರತೀಯನ ಸೇತುವೆ' ಎನ್ನುತ್ತಾರೆ. ಅವನ ದಿನಚರಿಯನ್ನು ಜೊತೆಗಿದ್ದ ಕ್ಯಾಪ್ಟನ್ ವೆಸ್ಟ್ 1872ರಲ್ಲಿ ಪುಸ್ತಕ ಮಾಡಿದ. ಅರಸನಿಗೆ ಹಡಗಿನಲ್ಲಿ ಒಳ್ಳೆಯ ಕೋಣೆಯೇ ಸಿಕ್ಕಿರಬೇಕು. ತನ್ನ ಊರಿನ ನದಿಯನ್ನು ಮತ್ತೆ ಕಾಣುವುದು ಮಾತ್ರ ಅವನಿಗೆ ಆಗಲಿಲ್ಲ.

ಜಾತಿ ಉಳಿಸಿಕೊಂಡೇ ಸಮುದ್ರ ದಾಟಬೇಕೆಂದ ಅರಸನೂ ಇದ್ದ. ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು 1902ರಲ್ಲಿ ಹೊರಟ ಜಯಪುರದ ಮಾಧೋಸಿಂಗ್ 'ಒಲಿಂಪಿಯಾ' ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದ. ಹಡಗಿನಲ್ಲಿ ದೇವರಮನೆ, ಕುಡಿಯಲು ಗಂಗಾಜಲ. ಅದಕ್ಕಾಗಿ ಒಯ್ದ ಬೆಳ್ಳಿಯ ಹಂಡೆಗಳು ಜಯಪುರದ ಅರಮನೆಯಲ್ಲಿವೆ. ಒಂದೊಂದರ ತೂಕ 345 ಕಿಲೋ. ಇದನ್ನು ಕೇಳಿ ಅವ್ವ, "ಹಂಡೆ ತೊಳದಾಕಿ ಯಾರಂತ?" ಎಂದು ಕೇಳಿದಳು. ನನ್ನ ಪಾಠಗಳಲ್ಲಿ ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ನಮ್ಮ ಹಡಗಿನ ಹೆಸರು 'ಎಂಪ್ರೆಸ್'. 1990ರಲ್ಲಿ ಫ್ರಾನ್ಸಿನ ಕಟ್ಟೆಯಿಂದ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಿಂದ ಹೊರಬಂದದ್ದು. ಬೇರೆ ಸಮುದ್ರಗಳನ್ನೆಲ್ಲ ತಿರುಗಿ, 2021ರಲ್ಲಿ ಮುಂಬಯಿ-ಗೋವೆಯ ನೀರಿಗೆ ಬಂದಿತು. ಎಂಟುನೂರರ ಹತ್ತಿರ ಕೋಣೆಗಳಿರುವ ಈ ಹಡಗು ನೋಡಿದರೆ ನಿಪ್ಪಾಣಿಯ ಒಂದು ಓಣಿಯನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗೆ. ಆದರೆ ಓಣಿಯಲ್ಲಿ ಎಲ್ಲರೂ ಎಲ್ಲರ ಮನೆಗೆ ಹೋಗುತ್ತಾರೆ. ಇಲ್ಲಿ ಕೆಳಗಿನ ಮಜಲಿನಲ್ಲಿ ಕಿಟಕಿಯೇ ಇಲ್ಲದ ಕೋಣೆಗಳು, ಅದರ ಮೇಲೆ ಕಿಟಕಿ ಇರುವವು, ಅದರ ಮೇಲೆ ಬಾಲ್ಕನಿಯವು, ಎಲ್ಲಕ್ಕೂ ಮೇಲೆ ನಮ್ಮ ಸ್ವೀಟು. 'ಪಾಶ್' ಎಂಬ ಮಾತು ನೀವೂ ಆಡಿದ್ದೀರಿ. ಅದು ಹಿಂದುಸ್ತಾನಕ್ಕೆ ಬರುವಾಗ ಎಡಬದಿ, ಹೋಗುವಾಗ ಬಲಬದಿ ಎಂದು ನೆರಳಿನ ಕೋಣೆ ಹಿಡಿಯುತ್ತಿದ್ದ ಸಾಹೇಬರ ಟಿಕೇಟಿನಿಂದ ಹುಟ್ಟಿತೆಂದು ಹೇಳುವುದುಂಟು. ಅಂಥ ಅಕ್ಷರವುಳ್ಳ ಒಂದು ಟಿಕೇಟೂ ಸಿಕ್ಕಿಲ್ಲ; ಕಟ್ಟುಕತೆ. ಆದರೂ ಜನ ನಂಬಿದರು ಎನ್ನುವುದರಲ್ಲಿಯೇ ಹಡಗಿನ ನೆರಳಿಗೆ ಎಷ್ಟು ಬೆಲೆಯಿತ್ತೆಂಬುದು ತಿಳಿಯುತ್ತದೆ.

ಸ್ವೀಟಿನ ಬಾಗಿಲು ತೆರೆದಾಗ ನಾನೇ ಒಂದು ಗಳಿಗೆ ಬಾಯಿ ತೆರೆದು ನಿಂತೆ. ದೊಡ್ಡ ಮಂಚ, ಸೋಫಾ, ಗೋಡೆಯುದ್ದದ ಗಾಜು, ಅದರಾಚೆ ಬಾಲ್ಕನಿ, ಅದರಾಚೆ ನೀರು. ಅವ್ವ ಚಪ್ಪಲಿ ಬಾಗಿಲಲ್ಲೇ ಬಿಟ್ಟಳು. ಮಂಚವನ್ನು ಕೈಯಿಂದ ಒತ್ತಿ ನೋಡಿದಳು. ಕನ್ನಡಿ ನೋಡಿದಳು. ಆಮೇಲೆ ಸುತ್ತ ಕಣ್ಣಾಡಿಸಿ, "ದುಂಡ ಕಿಡಕಿ ಎಲ್ಲೈತಿ?" ಎಂದಳು. ಇರಲಿಲ್ಲ. ಮಗಳ ಮುಖ ಸಪ್ಪಗಾಯಿತು. ಅವಳು ಕೆಳಗಿನ ಅಗ್ಗದ ಕೋಣೆ ಹಿಡಿದಿದ್ದರೆ ಬಹುಶಃ ಸಿಗುತ್ತಿತ್ತು.

ಹಡಗು ಬಿಡುವ ಮೊದಲು ಎಲ್ಲರನ್ನೂ ಒಂದು ಕಡೆ ಸೇರಿಸಿ, ಅಪಾಯ ಬಂದರೆ ಯಾವ ದಾರಿ, ಯಾವ ದೋಣಿ, ತೇಲುವ ಜಾಕೀಟು ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸಿದರು. ಸ್ವೀಟಿನವರು, ಕಿಟಕಿ ಇಲ್ಲದವರು ಒಟ್ಟಿಗೆ ನಿಂತದ್ದು ಅಲ್ಲಿ ಮಾತ್ರ. ಈ ಕಟ್ಟುಪಾಡುಗಳ ಹಿಂದೆ ದೊಡ್ಡ ಸಾವಿದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ, ಹಡಗುಗಳ ಸುರಕ್ಷತೆಗೆ ದೇಶದೇಶಗಳ ಒಪ್ಪಂದ ಮೊದಲ ಸಲ ಆಯಿತು. ಆ ಹಡಗಿನಲ್ಲಿ ಹೆಂಗಸರು, ಮಕ್ಕಳು ಮೊದಲು ಎಂದರು ನಿಜ. ಆದರೆ ಮೊದಲ ದರ್ಜೆಯ 144 ಹೆಂಗಸರಲ್ಲಿ 140 ಮಂದಿ ಉಳಿದರು. ಮೂರನೆಯ ದರ್ಜೆಯ 165 ಹೆಂಗಸರಲ್ಲಿ ಉಳಿದವರು 76. ಹೆಂಗಸರಲ್ಲಿಯೂ ಮೇಲಿನವರು ಮೊದಲು.

ನಮ್ಮ ದಂಡೆಯ ಟೈಟಾನಿಕ್ಕನ್ನು ನಾವು ಮರೆತಿದ್ದೇವೆ. ಸ್ವಾತಂತ್ರ್ಯಕ್ಕೆ ಒಂದು ತಿಂಗಳಿರುವಾಗ, 1947ರ ಜುಲೈ 17ರಂದು, ಮುಂಬಯಿಯಿಂದ ರೇವಸ್‌ಗೆ ಹೊರಟ 'ರಾಮದಾಸ' ಎಂಬ ಹಡಗು ಬಿರುಗಾಳಿಗೆ ಸಿಕ್ಕು ಮಗುಚಿತು. ಅಮಾವಾಸ್ಯೆಗೆ ಊರಿಗೆ ಹೊರಟ ಮಂದಿ. ಅಲೆಗೆ ಅಂಜಿ ಎಲ್ಲರೂ ಒಂದೇ ಮಗ್ಗುಲಿಗೆ ಓಡಿದರಂತೆ. ಆರುನೂರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ವೈರ್‌ಲೆಸ್ಸು ಇರಲಿಲ್ಲ. ಈಜಿ ದಂಡೆಗೆ ಬಂದವರು ಹೇಳಿದ ಮೇಲೆಯೇ ಮುಂಬಯಿಗೆ ತಿಳಿದದ್ದು. ಅವ್ವ ಜಾಕೀಟು ಕಟ್ಟುವುದನ್ನು ನೋಡುತ್ತ, "ನಮಗ ಇದ್ಯಾವದೂ ತೋರ್ಸಿರಲಿಲ್ಲ. ನಿಮ್ಮ ದೊಡ್ಡಪ್ಪ ರಾಮದಾಸದ ಸುದ್ದಿ ಹೇಳಿದ್ದು ನಾವು ಮುಂಬಯಿ ಮುಟ್ಟಿದ ಮ್ಯಾಲೆ. ಮೊದಲ ಹೇಳಿದ್ರ ನಾ ಹತ್ತತಿದ್ದಿಲ್ಲ" ಎಂದಳು.

ಕೊಂಕಣದ ಆ ಹಡಗುಗಳೂ ಈಗ ಇಲ್ಲ. ಚೌಗುಲೆಯವರ ಕಂಪನಿಯ 'ಕೊಂಕಣ ಸೇವಕ', 'ಕೊಂಕಣ ಶಕ್ತಿ' ಎಂಬವು ಕೊನೆಕೊನೆಯವು. ಆಮೇಲೆ ಅವು ಮೊಗಲ್ ಲೈನ್ ಕೈಗೆ ಹೋದವು. ಶ್ರೀಲಂಕೆಗೆ ಶಾಂತಿಪಡೆ ಹೋದಾಗ ಅವನ್ನು ಆ ಕೆಲಸಕ್ಕೆ ಒಯ್ದರು. 80ರ ದಶಕ ಮುಗಿಯುವುದರೊಳಗೆ ಕೊಂಕಣದ ಬೋಟಿನ ಕಾಲ ಮುಗಿಯಿತು. ಜನರಿಗೆ ಬೇಕಾದಾಗ ಇದ್ದ ಹಡಗು ಹೋಗಿ, ಹಣವಿದ್ದವರ ಮೋಜಿಗೆ ಹಡಗು ಬಂತು ಎಂದು ಬರೆಯಲು ನನ್ನ ಕೈ ತುಸು ಹಿಂಜರಿಯುತ್ತದೆ. ನಾನೂ ಆ ಮೋಜಿನ ಹಾಸಿಗೆಯಲ್ಲಿ ಎರಡು ರಾತ್ರಿ ಮಲಗಿದವಳು. ಹಾಸಿಗೆ ಮೆತ್ತಗಿತ್ತು, ಸುಳ್ಳೇಕೆ ಹೇಳಲಿ.

ಮೊದಲ ರಾತ್ರಿ ಮಗಳು ಹಾಡು-ಕುಣಿತ ನೋಡಲು ಹೋದಳು. ಅವ್ವ ಬಾಲ್ಕನಿಯಲ್ಲಿ, ಕುರ್ಚಿ ಬಿಟ್ಟು, ನೆಲದ ಮೇಲೆ ಕುಳಿತಿದ್ದಳು. ಎಡಕ್ಕೆ ಬಹುದೂರ ಕತ್ತಲೆಯಲ್ಲಿ ಒಂದೆರಡು ದೀಪ.

"ಆ ಖೋಲಿಯೊಳಗ ಒಬ್ಬಾಕಿ ಇದ್ಲು" ಎಂದಳು ಅವ್ವ, ಒಮ್ಮೆಲೆ.

ಐವತ್ತಾರು ವರ್ಷ ಪಲಂಗ, ಕನ್ನಡಿ, ಫ್ಯಾನುಗಳೇ ಇದ್ದ ಆ ಕೋಣೆಯಲ್ಲಿ ಒಬ್ಬ ಹೆಂಗಸು ಇದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ರಾತ್ರಿ ಗಾಳಿ ಎದ್ದು ಡೆಕ್ಕಿನ ಮೇಲೆಲ್ಲ ನೀರು ಹಾರಿತಂತೆ. ಕೂಸು ತೊಯ್ದು ನಡುಗತೊಡಗಿತು, ಹಾಲು ಕುಡಿಯದೆ ಬಿಟ್ಟಿತು. ಅವ್ವ ಕಿಟಕಿಗೆ ಮೂಗು ಹಚ್ಚಿದ್ದು ಚಂದ ನೋಡಲಿಕ್ಕಲ್ಲ, ಒಳಗೆ ಯಾರಾದರೂ ಎಚ್ಚರಿದ್ದಾರೆಯೇ ಎಂದು ನೋಡಲಿಕ್ಕೆ. ದೊಡ್ಡವ್ವ ಬಾಗಿಲು ಬಡಿದಳು. ಆ ಹೆಂಗಸು ತೆರೆದಳು. ಕೂಸನ್ನು ನೋಡಿದಳು. ಥರ್ಮಾಸಿನಿಂದ ಬಿಸಿನೀರು ಕೊಟ್ಟಳು, ಒಂದು ಟವೆಲೂ ಕೊಟ್ಟಳು.

"ಭಾಳ ಛಲೋ ಮಂದಿ. ಆದ್ರ ಒಳಗ ಕರೀಲಿಲ್ಲ. ಬಾಗಲಾ ಹಾಕ್ಕೊಂಡ್ಲು."

ಆಮೇಲೆ ಮೀನಿನ ಬುಟ್ಟಿಗಳ ನಡುವೆ ಮಲಗಿದ್ದ ಒಬ್ಬ ಕೋಳಿಯರ ಹೆಂಗಸು ತನ್ನ ಸೀರೆಯ ಸೆರಗಿನಲ್ಲಿ ಕೂಸನ್ನು ಹೊಟ್ಟೆಗೆ ಅವಚಿಕೊಂಡು ಬೆಳಗಿನವರೆಗೆ ಕುಳಿತಳಂತೆ. ಆ ಕೂಸು ಉಳಿಯಿತು. ನಮ್ಮ ಅಣ್ಣ, ಈಗ ಮೊಮ್ಮಕ್ಕಳನ್ನು ಆಡಿಸುತ್ತಾನೆ.

"ಇಷ್ಟ ವರ್ಷ ಯಾಕ ಹೇಳಲಿಲ್ಲ ಅವ್ವಾ?"

"ಏನ ಹೇಳೂದು? ಆಕಿ ನೀರ ಕೊಟ್ಟಿದ್ಲಲ್ಲ. ಬೈಯಾಕ ಬರಂಗಿಲ್ಲ."

ಮರುದಿನ ಬೆಳಿಗ್ಗೆ ಕೋಣೆ ಸ್ವಚ್ಛ ಮಾಡುವ ಹುಡುಗ ಬಂದ. ಅವ್ವ ಮರಾಠಿಯಲ್ಲಿ ಯಾವ ಊರು ಎಂದಳು. ಮಾಲವಣದ ಕಡೆಯವನು. ಅವನ ಅಜ್ಜಿಯೂ ಬೋಟಿನಲ್ಲಿ ಮುಂಬಯಿಗೆ ಹೋಗುತ್ತಿದ್ದಳಂತೆ. ಅವ್ವನಿಗೆ ಖುಷಿಯೋ ಖುಷಿ. ಕೆಟಲಿನಲ್ಲಿ ಚಹಾ ಮಾಡಲು ನನಗೆ ಹೇಳಿ, ಚೀಲದ ತಳದಿಂದ ಕರದಂಟು ತೆಗೆದು, ಸೋಫಾದ ಮೇಲೆ ಕೈ ಬಡಿದು, ಬಾ, ಕೂಡು ಎಂದಳು. ಹುಡುಗ ನಕ್ಕು, ನಮಗೆ ಇಲ್ಲಿ ಕೂಡುವ ಹಾಗಿಲ್ಲ ಆಜೀ ಎಂದ. ಅವ್ವ ಇನ್ನೊಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಅವನು ಹೊಸ್ತಿಲ ಆಚೆ ನಿಂತು, ಆ ಕಡೆ ಈ ಕಡೆ ನೋಡಿ, ಕರದಂಟನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ಅವನು ಬಾಗಿಲು ಎಳೆದುಕೊಂಡು ಹೋದ ಮೇಲೂ ಚಹಾದ ಕಪ್ಪು ಬಹಳ ಹೊತ್ತು ಅವ್ವನ ಕೈಯಲ್ಲೇ ಇತ್ತು.