ಕಾಣದವರಿಗೆ ಮಾತೇ ಕೈಗೋಲು: ನಮ್ಮ ನಾಡಿನ ಒಂದು ಸೇವಾ ಪರಂಪರೆ



ಹಾವೇರಿ ಜಿಲ್ಲೆಯ ಹೆಸರು ಹೇಳಿದೊಡನೆ ಹೊರಗಿನವರಿಗೆ ಬ್ಯಾಡಗಿಯ ಮೆಣಸಿನಕಾಯಿ ನೆನಪಾಗುತ್ತದೆ. ಸಾಹಿತ್ಯಾಸಕ್ತರಿಗೆ ಕನಕದಾಸರೂ ಸರ್ವಜ್ಞನೂ ಶಿಶುನಾಳ ಶರೀಫರೂ ನೆನಪಾಗುತ್ತಾರೆ. ರಾಣೆಬೆನ್ನೂರಿನವರು ತಮ್ಮ ಕೃಷ್ಣಮೃಗಗಳ ಅಭಯಾರಣ್ಯದ ಮಾತೆತ್ತುತ್ತಾರೆ. ಇವೆಲ್ಲವೂ ಸರಿಯೇ. ಆದರೆ ಇದೇ ನೆಲದಲ್ಲಿ ಹುಟ್ಟಿದ ಮೂವರು ಒಬ್ಬರ ಹಿಂದೊಬ್ಬರಂತೆ ನಿಂತು ಕಟ್ಟಿದ ಒಂದು ಸೇವಾ ಪರಂಪರೆಯಿದೆ. ಅವರನ್ನು ನಾವು ಪೂಜಿಸುತ್ತೇವೆ, ಅವರ ಭಾವಚಿತ್ರಗಳಿಗೆ ಮಾಲೆ ಹಾಕುತ್ತೇವೆ. ಅವರಿಂದ ಕಲಿಯಬೇಕಾದ ಒಂದು ಪಾಠವನ್ನು ಮಾತ್ರ ಇನ್ನೂ ಪೂರ್ತಿಯಾಗಿ ಕಲಿತಿಲ್ಲವೆಂದು ನನಗೆ ತೋರುತ್ತದೆ.

ಈ ವಿಚಾರ ನನ್ನ ಮನಸ್ಸಿಗೆ ಬಂದದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆಯಿಂದ. ಆಕೆ ಈಗ ಗ್ರಾಮ ಪಂಚಾಯಿತಿಯೊಂದರಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. "ಸರ್, ಅರ್ಜಿ ತುಂಬೂದು, ಕಾರ್ಡ್ ಮಾಡಿಸೂದು ಎಲ್ಲಾ ಕಲ್ತೀನ್ರಿ. ಆದ್ರ ಅವರ ಜೊತಿ ಹೆಂಗ ಮಾತಾಡಬೇಕು ಅನ್ನೂದನ್ನ ಯಾರೂ ಕಲಿಸಲಿಲ್ಲರಿ" ಎಂದು ಆಕೆ ಹೇಳಿದಳು. ನನಗೆ ತಿಳಿದ ಉತ್ತರವು ಇತಿಹಾಸದಲ್ಲಿಯೇ ಇದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲನೆಯವರು ಹಾನಗಲ್ಲ ಕುಮಾರ ಸ್ವಾಮಿಗಳು. ಅವರು 1867ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದರು. 1909ರಲ್ಲಿ ಬದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಇವರೇ. ಎರಡನೆಯವರು ಪಂಚಾಕ್ಷರಿ ಗವಾಯಿಗಳು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಇವರ ಬಾಲ್ಯದ ಹೆಸರು ಗದಿಗೆಯ್ಯ. ಇವರಿಗೂ ಇವರ ಅಣ್ಣನಿಗೂ ಕಣ್ಣು ಕಾಣುತ್ತಿರಲಿಲ್ಲ. ಮೂರನೆಯವರು ಪುಟ್ಟರಾಜ ಗವಾಯಿಗಳು. ಇವರ ಜನನ 1914ರ ಮಾರ್ಚ್ 3ರಂದು, ದೇವಗಿರಿಯಲ್ಲಿ. ಇವರು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡರು. ಆಗ ಈ ಊರುಗಳೆಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿರಿ. ಭಾರತದಲ್ಲಿ ಅಂಧ ಮಕ್ಕಳ ಮೊದಲ ಶಾಲೆ ಆರಂಭವಾದದ್ದು 1887ರಲ್ಲಿ, ದೂರದ ಅಮೃತಸರದಲ್ಲಿ. ಹಾನಗಲ್ಲಿನ ಹಳ್ಳಿಯಲ್ಲಿ ಹುಟ್ಟಿದ ಕುರುಡು ಮಗುವಿಗೆ ಶಾಲೆಯೆಂಬುದು ಕನಸಿನ ಮಾತಾಗಿತ್ತು. ಮನೆಯ ಮೂಲೆ, ಗುಡಿಯ ಕಟ್ಟೆ, ಇಲ್ಲವೇ ಭಿಕ್ಷೆ, ಇವಿಷ್ಟೇ ಅದರ ಮುಂದಿದ್ದ ದಾರಿಗಳು. ಅಂತಹ ಮಗುವಿನ ಕಿವಿಗೆ ದಿನವೂ ಬೀಳುತ್ತಿದ್ದ ಮಾತು "ಅಯ್ಯೋ ಪಾಪ". ಕಾಣದವರಿಗೆ ಕೇಳಿಸುವುದೂ ಇಲ್ಲವೆಂಬಂತೆ ಅವರ ಎದುರಿಗೇ ಈ ಮಾತನ್ನು ಆಡುವ ರೂಢಿ ನಮ್ಮಲ್ಲಿ ಇಂದಿಗೂ ಉಂಟು.

ಕುಮಾರ ಸ್ವಾಮಿಗಳು ಈ ಅಂಧ ಸಹೋದರರ ಹಾಡನ್ನು ಕೇಳಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರ ದೃಷ್ಟಿ ಹುಡುಗರ ಕಣ್ಣಿನ ಮೇಲೆ ನಿಲ್ಲಲಿಲ್ಲ, ಕಂಠದ ಮೇಲೆ ನಿಂತಿತು. ಅವರು ಮಕ್ಕಳಿಗೆ ಅನ್ನವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳದೆ ವಿದ್ಯೆಯ ಏರ್ಪಾಡು ಮಾಡಿದರು. ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತರು. ಅನಂತರ ನೀಲಕಂಠಬುವಾ ಮಿರಜಕರರಲ್ಲಿಯೂ ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರಲ್ಲಿಯೂ ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಹೀಗೆ ಪಂಚಾಕ್ಷರಿ ಗವಾಯಿಗಳು ಉಭಯಗಾನ ವಿಶಾರದರಾದರು. ತಮ್ಮ ಬದುಕನ್ನು ಅಂಧ, ಅನಾಥ ಮಕ್ಕಳ ಶಿಕ್ಷಣಕ್ಕೆ ಮುಡಿಪಾಗಿಟ್ಟರು. ಅವರ ಪಾಠಶಾಲೆಗೆ ಬಹುಕಾಲ ಸ್ವಂತದ ಸೂರೇ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಅದು ಊರಿಂದೂರಿಗೆ ಸಂಚರಿಸಿತು. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1995ರಲ್ಲಿ ತೆರೆಗೆ ಬಂದ ಚಲನಚಿತ್ರದಿಂದ ಇವರ ಕಥೆ ನಿಮ್ಮಲ್ಲಿ ಅನೇಕರಿಗೆ ಪರಿಚಿತವಾಗಿದೆ.

ಶಿಕ್ಷಕನಾಗಿ ನನ್ನನ್ನು ಬಹಳ ಕಾಡಿದ ವಿಷಯ ಚಿತ್ರದಲ್ಲಿ ಕಾಣುವಂಥದ್ದಲ್ಲ. ಇಲ್ಲಿ ಗುರುವಿಗೂ ಕಣ್ಣಿಲ್ಲ, ಎದುರಿಗೆ ಕುಳಿತ ಶಿಷ್ಯನಿಗೂ ಕಣ್ಣಿಲ್ಲ. ನಾವು ಕಣ್ಣಿದ್ದ ಶಿಕ್ಷಕರು ತರಗತಿಯಲ್ಲಿ ಆಡುವ ಅರ್ಧಕ್ಕರ್ಧ ಮಾತುಗಳು "ಇದನ್ನು ನೋಡಿರಿ", "ಹೀಗೆ ಮಾಡಿರಿ", "ಅಲ್ಲಿ ಬರೆದಿದೆ" ಎಂಬಂಥವು. ಇಬ್ಬರಿಗೂ ಕಾಣದ ಕಡೆ "ಹೀಗೆ" ಎಂಬ ಮಾತಿಗೆ ಅರ್ಥವೇ ಇಲ್ಲ. ಸ್ವರ ತಪ್ಪಿದರೆ ಯಾವ ಸ್ವರವೆಂದು ಬಾಯಿಂದಲೇ ಹೇಳಬೇಕು, ಇಲ್ಲವೇ ತಾನೇ ಹಾಡಿ ತೋರಬೇಕು. ತಬಲಾದ ಮೇಲೆ ಬೆರಳು ಎಲ್ಲಿ ಬೀಳಬೇಕೆಂಬುದನ್ನು ಕೈಯ ಮೇಲೆ ಕೈಯಿಟ್ಟು ತಿಳಿಸಬೇಕು. ತಾಳವನ್ನು ಕಿವಿಗೆ ಕೇಳಿಸುವಂತೆ ತಟ್ಟಬೇಕು. ಶಿಷ್ಯನಿಗೆ ತಿಳಿಯಿತೋ ಇಲ್ಲವೋ ಎಂಬುದನ್ನು ಮುಖ ನೋಡಿ ಊಹಿಸಲಾಗದು. ಕೇಳಿಯೇ ತಿಳಿಯಬೇಕು, ಅವನ ಉತ್ತರಕ್ಕೆ ಕಾಯಬೇಕು. ಸಂಗೀತವು ಮೊದಲಿನಿಂದಲೂ ಗುರುಮುಖವಾಗಿ ಬಂದ ವಿದ್ಯೆಯಾದ್ದರಿಂದ ಇಂತಹ ಕಲಿಕೆಗೆ ಅದರಷ್ಟು ಅನುಕೂಲವಾದ ವಿದ್ಯೆ ಇನ್ನೊಂದಿರಲಿಲ್ಲ. ಸೇವಾಕಾರ್ಯದ ತರಬೇತಿಗಳಲ್ಲಿ "ಪರಿಣಾಮಕಾರಿ ಸಂವಹನ" ಎಂದು ಇಂದು ಬೋಧಿಸುವುದರ ತಿರುಳೂ ಇದೇ ಅಲ್ಲವೇ?

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಬಳಿಕ ಆಶ್ರಮದ ಹೊಣೆ ಪುಟ್ಟರಾಜರ ಹೆಗಲೇರಿತು. ನೂರಾರು ಮಕ್ಕಳ ಅನ್ನದ ಖರ್ಚಿಗಾಗಿ ನಾಟಕ ಕಂಪನಿಯನ್ನು ನಡೆಸಿದರು. ಭಕ್ತರು ಊರೂರಿನಲ್ಲಿ ಮಾಡಿದ ತುಲಾಭಾರದ ಹಣವೆಲ್ಲ ಆಶ್ರಮಕ್ಕೇ ಸಂದಿತು. ಅವರು ಬ್ರೈಲ್ ಲಿಪಿಯನ್ನು ಕರಗತ ಮಾಡಿಕೊಂಡು ಕನ್ನಡ, ಹಿಂದಿ, ಸಂಸ್ಕೃತ ಮೂರು ಭಾಷೆಗಳಲ್ಲಿಯೂ ಕೃತಿಗಳನ್ನು ರಚಿಸಿದರು. ಆರೇ ಚುಕ್ಕೆಗಳ ಈ ಲಿಪಿಯನ್ನು ರೂಪಿಸಿದವನು ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಫ್ರಾನ್ಸಿನ ಲೂಯಿ ಬ್ರೈಲ್ (1809–1852). ಅಕ್ಷರವು ಕಣ್ಣಿನ ಸೊತ್ತಲ್ಲ, ಬೆರಳಿಗೂ ದಕ್ಕಬಲ್ಲದು ಎಂಬುದನ್ನು ಅವನು ತೋರಿಸಿಕೊಟ್ಟನು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ದೇಹವನ್ನು ಬಿಟ್ಟರು. ಈ ಆಶ್ರಮದ ಪರಂಪರೆಯಿಂದ ಬಸವರಾಜ ರಾಜಗುರು, ವೆಂಕಟೇಶಕುಮಾರರಂತಹ ಗಾಯಕರು ಬಂದರು. ಅಷ್ಟೇ ಮುಖ್ಯವಾದ ಮಾತೆಂದರೆ, ಹೆಸರಾಗದ ಅನೇಕ ಅಂಧ ಮಕ್ಕಳು ಅಲ್ಲಿ ಕಲಿತು ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಸ್ವಂತ ದುಡಿಮೆಯ ಅನ್ನ ಉಂಡರು. ಭಿಕ್ಷೆಗೆ ಚಾಚಬೇಕಾಗಿದ್ದ ಕೈಗಳು ಹಾರ್ಮೋನಿಯಂ ಮನೆಗಳ ಮೇಲೆ ಆಡಿದವು.

ಈಗ ನಮ್ಮ ಕಾಲಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ಪರಿಚಯದ ಹಿರಿಯರೊಬ್ಬರನ್ನು ಮಾಸಾಶನದ ಕೆಲಸಕ್ಕಾಗಿ ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆನು. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಅಲ್ಲಿನ ಸಿಬ್ಬಂದಿ ನನ್ನ ಮುಖ ನೋಡಿ, "ಇವರ ಹೆಸರೇನ್ರಿ? ಇವರಿಗೆ ವಯಸ್ಸೆಷ್ಟ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ಹಿರಿಯರು, "ಹೆಸರು ನಂದೈತ್ರಿ ಸಾಹೇಬ್ರ, ನನ್ನನ್ನ ಕೇಳ್ರಿ. ಮಾಸ್ತರರಿಗೆ ನನ್ನ ವಯಸ್ಸು ಹೆಂಗ ಗೊತ್ತಿರತೈತಿ?" ಎಂದರು. ಸಿಬ್ಬಂದಿ ನಕ್ಕು ಅವರತ್ತ ತಿರುಗಿ ಮಾತನಾಡಿದರು, ಕೆಲಸವೂ ಆಯಿತು. ಅವರು ಕೆಟ್ಟವರಾಗಿರಲಿಲ್ಲ. ಆದರೆ ಎಲ್ಲರೂ ಆ ಹಿರಿಯರಂತೆ ಬಾಯಿ ಬಿಟ್ಟು ಕೇಳಬಲ್ಲರೇ? ಕೇಳಲಾರದವರು ತಮ್ಮ ಬದುಕಿನ ವಿಚಾರವನ್ನು ಬೇರೆಯವರೇ ಮಾತನಾಡಿ ಮುಗಿಸುವುದನ್ನು ಮೌನವಾಗಿ ಸಹಿಸುತ್ತಾರೆ. ಕ್ರಮೇಣ ತಾವು ಮಾತನಾಡಬೇಕಾದವರೇ ಅಲ್ಲವೆಂದು ನಂಬಿಬಿಡುತ್ತಾರೆ. ಕಣ್ಣು ಹೋದದ್ದಕ್ಕಿಂತ ಇದು ದೊಡ್ಡ ನಷ್ಟ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ವಿಶ್ವಸಂಸ್ಥೆಯು 2006ರಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರಲ್ಲಿ ಅದನ್ನು ಒಪ್ಪಿಕೊಂಡಿತು. ಅದಕ್ಕೆ ಅನುಗುಣವಾಗಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 7 ಬಗೆಯ ವೈಕಲ್ಯಗಳ ಹಳೆಯ ಪಟ್ಟಿಯನ್ನು 21ಕ್ಕೆ ವಿಸ್ತರಿಸಿತು. ಸಂವಹನ ಎಂದರೆ ಏನೆಂಬುದನ್ನೂ ಅದು ವಿವರಿಸುತ್ತದೆ: ಬ್ರೈಲ್, ಸ್ಪರ್ಶದ ಮೂಲಕ ತಿಳಿಸುವುದು, ಸನ್ನೆಗಳು, ದೊಡ್ಡಕ್ಷರದ ಮುದ್ರಣ, ಸರಳ ಭಾಷೆ ಎಲ್ಲವೂ ಅದರಲ್ಲಿ ಸೇರಿವೆ. ಅಂದರೆ, ಅರ್ಥವಾಗುವಂತೆ ತಿಳಿಸುವುದು ನಮ್ಮ ಔದಾರ್ಯವಲ್ಲ, ಅವರ ಹಕ್ಕು. ನಮ್ಮ ಮಾತಿನಲ್ಲಿಯೂ "ಕುರುಡ" ಹೋಗಿ "ಅಂಧ" ಬಂದಿತು, ಅನಂತರ "ದೃಷ್ಟಿ ವಿಶೇಷಚೇತನ" ಬಂದಿತು. ಹೆಸರು ಬದಲಾದದ್ದು ಒಳ್ಳೆಯದೇ. ಆದರೆ ಹೊಸ ಹೆಸರಿನಿಂದ ಕರೆದು ಹಳೆಯ ಧಾಟಿಯಲ್ಲಿಯೇ ಮಾತನಾಡಿದರೆ ಪ್ರಯೋಜನವೇನು?

ನಿಮ್ಮಲ್ಲಿ ಹಲವರು ಇಂದು ಅಂಗನವಾಡಿಗಳಲ್ಲಿ, ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದೀರಿ. ಉಳಿದವರ ಮನೆಗಳಲ್ಲಿ ಕಣ್ಣು ಮಂಜಾದ ತಂದೆತಾಯಿಗಳಿದ್ದಾರೆ. ಅಂಥವರ ಬಳಿಗೆ ಹೋದಾಗ ಮೊದಲು ನಿಮ್ಮ ಹೆಸರು ಹೇಳಿರಿ. "ನಾನು ಯಾರು, ಹೇಳು ನೋಡೋಣ" ಎಂದು ಪರೀಕ್ಷಿಸಬೇಡಿರಿ. ಮುಟ್ಟುವ ಮೊದಲು ತಿಳಿಸಿರಿ. ದಾರಿ ದಾಟಿಸುವಾಗ ಅವರ ಕೈ ಹಿಡಿದು ಎಳೆಯಬೇಡಿರಿ, ನಿಮ್ಮ ತೋಳನ್ನು ಅವರು ಹಿಡಿಯಲಿ; ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿರಿ. ಊಟಕ್ಕೆ ಬಡಿಸಿದಾಗ "ರೊಟ್ಟಿ ಮುಂದಿದೆ, ಪಲ್ಯ ಎಡಕ್ಕಿದೆ, ಬಲಕ್ಕೆ ಇರುವುದು ಕೆಂಪು ಖಾರ" ಎಂದು ತಿಳಿಸಿರಿ. ಬ್ಯಾಡಗಿಯ ನಂಟುಳ್ಳ ನಮ್ಮ ಮನೆಗಳಲ್ಲಿ ಈ ಕೊನೆಯ ಮಾತು ಬಹಳ ಅವಶ್ಯ! ಎದ್ದು ಹೋಗುವಾಗ ಹೇಳಿ ಹೋಗಿರಿ. ಬರಿದಾದ ಕುರ್ಚಿಯೊಡನೆ ಅವರು ಮಾತನಾಡುತ್ತ ಕುಳಿತುಕೊಳ್ಳುವಂತೆ ಆಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅವರ ವಿಷಯವನ್ನು ಅವರನ್ನೇ ಕೇಳಿರಿ.

ಇವು ಸಣ್ಣ ಸಂಗತಿಗಳೆನಿಸಬಹುದು. ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ಒದಗಿದ್ದೂ ನೋಡಲು ಸಣ್ಣ ಸಂಗತಿಯೇ. ಎಲ್ಲರೂ "ಪಾಪ" ಎಂದು ಮುಂದೆ ನಡೆಯುವಲ್ಲಿ ಒಬ್ಬರು ನಿಂತು ಅವನ ದನಿಯನ್ನು ಕೇಳಿದರು, ಕಲಿಯಬಲ್ಲವನೆಂದು ತಿಳಿದು ನಡೆಸಿಕೊಂಡರು. ಅದರಿಂದ ಒಂದು ಶತಮಾನ ಬಾಳಿದ ವಿದ್ಯಾಮಂದಿರವೇ ಹುಟ್ಟಿತು. ಇಂತಹ ಸೇವೆಗೆ ಹಣ ಬೇಕಿಲ್ಲ, ಪದವಿ ಬೇಕಿಲ್ಲ. ಕೇಳುವ ತಾಳ್ಮೆಯೂ ಬಿಡಿಸಿ ಹೇಳುವ ನಾಲಗೆಯೂ ಇದ್ದರೆ ಸಾಕು.